ಅಪ್ಪ ಈಗ ಎಲ್ಲಿದ್ದಾನೆ ಎಂಬ ತಕರಾರು

ನಾನು ವರ್ಷಕ್ಕೊಂದು ಸಲ ಬೀಡಿ ಕೊಳ್ಳುತ್ತೇನೆ. ಇಷ್ಟು ಹೇಳಿದ್ದಕ್ಕೇ ನೀವು ಹುಬ್ಬೇರಿಸಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಐವತ್ತರ ಹತ್ತಿರದ ಹೆಂಗಸು, ಸರ್ಕಾರಿ ಕಚೇರಿಯ ಟಪಾಲು ಶಾಖೆಯಲ್ಲಿ ಕೆಲಸ, ಹೆಗಲಲ್ಲಿ ವ್ಯಾನಿಟಿ ಬ್ಯಾಗು, ಕೈಯಲ್ಲೊಂದು ಬೀಡಿ ಕಟ್ಟು. ಮೊದಲ ವರ್ಷ ಚಾಮರಾಜನಗರದ ನಮ್ಮ ಬೀದಿಯ ಅಂಗಡಿಯಲ್ಲೇ ಕೇಳಿದೆ. ಅಂಗಡಿಯವನೇನೋ ಮಾತಾಡದೆ ಕೊಟ್ಟ. ಸಂಜೆಯ ಹೊತ್ತಿಗೆ ಆಚೀಚೆ ಮನೆಯವರು ಬಂದು ನನ್ನ ಆರೋಗ್ಯ ವಿಚಾರಿಸಿಕೊಂಡು ಹೋದರು. ಅಂದಿನಿಂದ ಊರಿಗೆ ಹೋಗುವಾಗ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುತ್ತೇನಲ್ಲ, ಅಲ್ಲಿ ನಿಲ್ದಾಣದ ಎದುರಿಗಿರುವ ಕಾಕಾ ಅಂಗಡಿಯಲ್ಲಿ ಕೊಳ್ಳುತ್ತೇನೆ. ಕಾಕಾ ಕೇರಳದ ಕಡೆಯವರು, ಅವರಿಗೆ ನಮ್ಮ ಬೀದಿಯ ಗೊಡವೆಯಿಲ್ಲ.

ಬೀಡಿ ಅಪ್ಪನಿಗೆ. ಅಪ್ಪ ಸತ್ತಿದ್ದಾನೆ.

ಗಾಬರಿಯಾಗಬೇಡಿ, ನಮ್ಮ ಕಡೆ ಇದು ಮಾಮೂಲು. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ಮನೆಯಲ್ಲಿ ಯಾರು ಯಾರು ತೀರಿಕೊಂಡಿದ್ದಾರೋ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ ಹಾಸಿ ನಡುಮನೆಯಲ್ಲಿ ಎಡೆ ಇಡುತ್ತೇವೆ. ಉಣ್ಣುವುದು ಮಾತ್ರವಲ್ಲ, ಎಲೆಯಡಿಕೆ, ಬೀಡಿ, ನಶ್ಯ, ಯಾರಿಗೆ ಯಾವ ಚಟವಿತ್ತೋ ಅದೂ ಇರಬೇಕು. ಬದುಕಿದ್ದಾಗ 'ಬಿಟ್ಟು ಸಾಯಿ' ಎಂದು ಬೈದವರೇ ಈಗ ಮರೆಯದೆ ತಂದಿಡುತ್ತಾರೆ. ಆಮೇಲೆ ಸಾಂಬ್ರಾಣಿ ಹೊಗೆ ಹಾಕಿ, ಎಲ್ಲರೂ ಆಚೆ ಬಂದು, ಕದ ಮುಚ್ಚಿ ಜಗಲಿಯ ಮೇಲೆ ಕೂರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಮಾತಾಡಬಾರದು, ಇಣುಕಲೂಬಾರದು. ಕೊನೆಗೆ ಮನೆಯ ಹಿರಿಯರು ಕೆಮ್ಮಿ, ಕದ ತಟ್ಟಿ, ನಿಧಾನವಾಗಿ ತೆರೆಯುತ್ತಾರೆ. ಉಣ್ಣುತ್ತಾ ಕೂತವರ ಮೇಲೆ ಏಕಾಏಕಿ ನುಗ್ಗುವುದು ಮರ್ಯಾದೆಯಲ್ಲ, ಅವರು ಸತ್ತಿದ್ದರೂ ಸರಿಯೇ.

ನಾನು ಚಿಕ್ಕವಳಿದ್ದಾಗ ಆ ನಡುಮನೆಯಲ್ಲಿ ತಾತನ ಎಲೆ ಇರುತ್ತಿತ್ತು, ಪಕ್ಕದಲ್ಲೊಂದು ನಶ್ಯದ ಡಬ್ಬಿ. ಇಣುಕಿದವರ ಕಣ್ಣು ಹೋಗುತ್ತದೆ ಎಂದು ಅಜ್ಜಿ ಹೆದರಿಸಿದ್ದಳು. ನಾನು ಲೆಕ್ಕಾಚಾರದ ಹುಡುಗಿ. ಹೋದರೆ ಒಂದೇ ಹೋಗಲಿ ಎಂದು ಒಂದು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಇನ್ನೊಂದನ್ನು ಕದದ ಸಂದಿಗೆ ಇಟ್ಟೆ. ಹೊಗೆ ಕಂಡಿತು, ಗೋಡೆಯ ಮೇಲೊಂದು ಹಲ್ಲಿ ಕಂಡಿತು. ಕಣ್ಣು ಹೋಗಲಿಲ್ಲ. ನೋಡಿದ್ದನ್ನು ತಂಗಿ ಮಂಜಿಗೆ ಹೇಳಿದೆ. ತಾತ ಹಲ್ಲಿಯಾಗಿ ಬಂದಿದ್ದಾನೆ ಎಂದು ಅವಳೇ ತೀರ್ಮಾನ ಮಾಡಿಕೊಂಡಳು, ನಾನು ಬೇಡವೆನ್ನಲಿಲ್ಲ. ಬಹಳ ಕಾಲ ಅವಳು ಹಲ್ಲಿ ಲೊಚಗುಟ್ಟಿದರೆ 'ತಾತ ಕರೀತದೆ' ಎನ್ನುತ್ತಿದ್ದಳು. ನಂಬುವುದರಲ್ಲಿ ಮಂಜಿಯನ್ನು ಮೀರಿಸುವವರಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ನಿಮಗೆ ಆಶ್ಚರ್ಯವೆನಿಸುವುದಿಲ್ಲ.

ನನ್ನ ನಂಬಿಕೆ ಏನೆಂದು ಕೇಳಿದರೆ ನಾನು ಟೀ ಕುಡಿಯೋಣ ಎನ್ನುತ್ತೇನೆ. ಟಪಾಲು ಶಾಖೆಯಲ್ಲಿ ಕೂತು ಕೂತು ನನಗೊಂದು ಗುಣ ಅಂಟಿಕೊಂಡಿದೆ. ಕಳಿಸಿದ್ದಕ್ಕೆ ಆ ಕಡೆಯಿಂದ ಸ್ವೀಕೃತಿ ಬರುವ ತನಕ ತಲುಪಿತು ಎಂದು ನಾನು ಹೇಳುವುದಿಲ್ಲ, ತಲುಪಲಿಲ್ಲ ಎಂದೂ ಹೇಳುವುದಿಲ್ಲ. ಎಡೆಯ ವಿಷಯದಲ್ಲೂ ಅಷ್ಟೇ.

ಕಾಕಾ ಹಾಗಲ್ಲ. ಅವರಿಗೆ ಅನುಮಾನವೇ ಇಲ್ಲ. ಬೀಡಿ ಯಾರಿಗೆಂದು ನಾನು ಹೇಳಿದ ದಿನ ಅವರು ಪಾಪ, ಮೇಲೊಂದು ಬೆಂಕಿಪೊಟ್ಟಣವನ್ನೂ ಇಟ್ಟು, "ಮೇಡಂ, ನಮ್ದ್ರಲ್ಲಿ ಹಿಂಗಿಲ್ಲ. ಮಣ್ಣಲ್ಲಿಟ್ಟ ಮೇಲೆ ಮಲಗೋದು. ಒಂದು ದಿವಸ ಮೇಲಿರೋನು ಎಲ್ಲಾರನ್ನೂ ಎಬ್ಬಿಸ್ತಾನೆ. ಅಲ್ಲೀ ತನಕ ರೆಸ್ಟ್" ಎಂದರು. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಮನುಷ್ಯ, ಆ 'ರೆಸ್ಟ್' ಎಂಬ ಮಾತನ್ನು ಬಹಳ ಆಸೆಯಿಂದ ಹೇಳಿದರು. ನಾನು ಊರಿಗೆ ಬಂದು ಅವ್ವನಿಗೆ ಇದನ್ನು ಹೇಳಿದೆ. ಅವ್ವ "ಅಷ್ಟು ದಿನ ಒಂದೇ ಮಗ್ಗುಲಲ್ಲಿ ಮಲ್ಗಿದ್ರೆ ಸೊಂಟ ಇಡ್ಕಳಲ್ವಾ?" ಎಂದಳು.

ನಮ್ಮೂರು ಹಂಗಳ. ಅಪ್ಪನ ಮನೆಯ ಅರ್ಧ ಭಾಗದಲ್ಲಿ ಅವ್ವ, ಇನ್ನರ್ಧದಲ್ಲಿ ಚಿಕ್ಕಯ್ಯನ ಸಂಸಾರ. ಚಿಕ್ಕಯ್ಯ ಅಂದರೆ ಅಪ್ಪನ ತಮ್ಮ. ಅವನದು ಬೇಸಾಯಗಾರನ ಸಿದ್ಧಾಂತ. "ಎಲ್ಗೂ ಓಗಲ್ಲ ಕಣಮ್ಮಿ. ಮಣ್ಣಿಂದ ಬಂದೊ, ಮಣ್ಣಿಗೋದೊ. ನಮ್ಮಣ್ಣ ವಲದಲ್ಲೇ ಅವ್ನೆ" ಎನ್ನುತ್ತಾನೆ. ಅಪ್ಪನನ್ನು ಹೂತದ್ದು ನಮ್ಮ ಹೊಲದ ಮೂಲೆಯಲ್ಲೇ. ಮರುವರ್ಷ ಅಲ್ಲಿ ಅರಿಶಿಣ ಹಾಕಿದ್ದರು. ಕಿತ್ತಾಗ ಆ ಮೂಲೆಯ ಗೆಡ್ಡೆ ಬೇರೆಲ್ಲದಕ್ಕಿಂತ ದಪ್ಪಗೆ ಬಂದಿತ್ತಂತೆ. ಚಿಕ್ಕಯ್ಯ ಎರಡು ಕೊಂಬನ್ನು ಬೇರೆಯಾಗಿ ಬೇಯಿಸಿ, ಒಣಗಿಸಿ, ಅವ್ವನ ಕೈಗೆ ತಂದುಕೊಟ್ಟು, "ನೋಡತ್ಗೆ, ಅಣ್ಣ ಎಂಗವ್ನೆ!" ಎಂದ. ಅವನ ಮುಖದಲ್ಲಿ ಹೆಮ್ಮೆ. ಅವ್ವ ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕಟ್ಗಂಡ ಗಂಡನ್ನ ಅರ್ದು ಸಾರ್ಗಾಕು ಅಂದಿಯಾ?" ಎಂದು ಗದರಿದಳು. ಆ ಎರಡು ಕೊಂಬು ಇವತ್ತಿಗೂ ಗೋಡೆಯ ಗೂಡಿನಲ್ಲಿವೆ. ಅಡಿಗೆಗೂ ಇಲ್ಲ, ಬಿಸಾಡುವ ಹಾಗೂ ಇಲ್ಲ.

ಮಂಜಿಯ ಗಂಡ ನಾಗರಾಜು ಪುಣಜನೂರಿನವನು, ಅರಣ್ಯ ಇಲಾಖೆಯಲ್ಲಿ ಜೀಪು ಓಡಿಸುತ್ತಾನೆ. ಅವನದು ಇನ್ನೂ ನೇರ. "ಅಕ್ಕ, ಸತ್ತ ಆನೆ ನೋಡಿವ್ನಿ ನಾನು. ಅಷ್ಟ್ ದೊಡ್ಡ ಜೀವ. ಒಂದು ಮಳೆಗಾಲ ಕಳುದ್ರೆ ಮೂಳೆ ಬುಟ್ಟು ಏನೂ ಇರಲ್ಲ. ಆನೆಗೇ ಇಲ್ದಿದ್ದು ನಮ್ಗೆಲ್ಲಿಂದ ಬಂದದು?" ಹೀಗೆ ಹೇಳಿ ಹಬ್ಬಕ್ಕೆ ಮಾತ್ರ ತಪ್ಪದೆ ಬರುತ್ತಾನೆ, ಅವ್ವನ ಕೋಳಿ ಸಾರಿನ ಮೇಲೆ ಅವನಿಗೆ ಪೂರ್ತಿ ನಂಬಿಕೆಯಿದೆ.

ಇನ್ನು ಮಂಜಿ. ಮದುವೆಯಾಗಿ ಎಷ್ಟೋ ವರ್ಷ ಅವಳಿಗೆ ಮಕ್ಕಳಾಗಿರಲಿಲ್ಲ. ಅಪ್ಪನಿಗೆ ತೀರಾ ಹುಷಾರಿಲ್ಲವೆಂದು ಫೋನು ಹೋದಾಗ ಸಂಜೆಯಾಗಿತ್ತು. ಪುಣಜನೂರಿನ ಕಾಡುದಾರಿಯಲ್ಲಿ ಆ ಹೊತ್ತಿಗೆ ಹೊರಡಲಾಗದೆ ಬೆಳಗಾಗುವುದನ್ನು ಕಾದು ಬಂದಳು. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಕೊನೆಯ ತನಕ 'ಮಂಜಿ ಬಂದ್ಲಾ' ಎಂದು ಕೇಳಿದ್ದ. ಇದನ್ನು ಅವಳಿಗೆ ಯಾರೂ ಹೇಳಬಾರದಿತ್ತು, ಆದರೆ ಸಾವಿನ ಮನೆಯಲ್ಲಿ ಹೇಳಬಾರದ್ದನ್ನು ಮೊದಲು ಹೇಳುವವರು ಇದ್ದೇ ಇರುತ್ತಾರೆ. ಮರುವರ್ಷ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಆ ಕೂಸಿನ ಎಡಗಿವಿಯ ಹಿಂದೆ ಅಪ್ಪನಿಗಿದ್ದ ಜಾಗದಲ್ಲೇ ಒಂದು ಮಚ್ಚೆ.

ಮಂಜಿಗೆ ಅಷ್ಟು ಸಾಕಾಯಿತು. ಅಪ್ಪ ತನಗಾಗಿ ವಾಪಸು ಬಂದಿದ್ದಾನೆ ಎಂದಳು. ಕೂಸಿಗೆ ಯಾವುದೋ ಹೊಸ ಹೆಸರನ್ನು ಫೋನಿನಲ್ಲಿ ಹುಡುಕಿ ಇಟ್ಟರು. ಅದು ಅವ್ವನ ನಾಲಗೆಗೆ ಹತ್ತಲಿಲ್ಲ, 'ಕೂಸು' ಎಂದೇ ಕರೆಯುತ್ತಾಳೆ. ಮಂಜಿ ಕರೆಯುವುದು 'ಅಪ್ಪಾಜಿ'. ಈಗ ಆ ಅಪ್ಪಾಜಿಗೆ ಮೂರು ವರ್ಷ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತದೆ, ಟೀಯನ್ನು ಸಾಸರಿಗೆ ಬಗ್ಗಿಸಿಕೊಟ್ಟರೇ ಕುಡಿಯುತ್ತದೆ, ಬಿಸಿಲಿಗೆ ಬಂದರೆ ಸೀನುತ್ತದೆ. ನಮ್ಮಪ್ಪ ಥೇಟ್ ಹೀಗೆಯೇ ಇದ್ದ ಎನ್ನುವುದು ನಿಜ. ಚಾಮರಾಜನಗರ ಜಿಲ್ಲೆಯ ಅರ್ಧ ಗಂಡಸರು ಹೀಗೆಯೇ ಇದ್ದಾರೆ ಎನ್ನುವುದೂ ನಿಜ.

ಅವ್ವ ಮೊದಲು ತೆಗೆದ ತಕರಾರು ಬೇರೆ. "ಅಂತಾ ಮೀಸೆ ಇದ್ದೋನು ಎಣ್ಣಾಗಿ ಉಟ್ಟನಾ?" ಎಂದು ಕೇಳಿದಳು.

"ಯಾಕುಟ್ಬಾರ್ದು? ಎಂಗುಸ್ರು ಪಡೋ ಪಾಡ ಒಂದ್ಸಲ ನೋಡ್ಕಂಡ್ ಬಾ ಅಂತ ದೇವ್ರೇ ಕಳ್ಸವ್ನೆ" ಎಂದಳು ಮಂಜಿ.

ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ. ಮಂಜಿ 'ಅಪ್ಪಾಜಿ, ಬಾ ಉಣ್ಣು' ಎಂದು ಕೂಸನ್ನು ಕರೆದಾಗಲೆಲ್ಲ ಅವ್ವ ಏನಾದರೂ ನೆಪ ಮಾಡಿಕೊಂಡು ಎದ್ದುಹೋಗುತ್ತಿದ್ದಳು. ಅವಳಿಗೆ ಮೊಮ್ಮಗಳ ಮೇಲೆ ಪ್ರೀತಿಯಿಲ್ಲವೇನೋ ಎಂದು ಮಂಜಿ ನನ್ನ ಹತ್ತಿರ ಅತ್ತದ್ದೂ ಉಂಟು. ಕಾರಣ ಗೊತ್ತಾದದ್ದು ಹೋದ ಹಬ್ಬಕ್ಕೆ ಸ್ವಲ್ಪ ಮುಂಚೆ, ನಾನೊಂದು ಭಾನುವಾರ ಊರಿಗೆ ಹೋಗಿದ್ದಾಗ. ಅವ್ವ ಮೊರದಲ್ಲಿ ರಾಗಿ ಹಾಕಿಕೊಂಡು ಕೂತಿದ್ದಳು. ಕೇರುತ್ತಿದ್ದವಳು ನಿಲ್ಲಿಸಿ ಕೇಳಿದಳು.

"ಜಯಮ್ಮಿ, ನೀ ಓದ್ದವ್ಳು. ದಿಟ ಏಳು. ನಿಮ್ಮಪ್ಪ ಆ ಕೂಸಾಗಿ ಉಟ್ಟವ್ನಾ?"

"ನಂಗೆಂಗ್ ಗೊತ್ತಾದದವ್ವ?"

"ಉಟ್ಟಿದ್ರೆ, ನಾ ಸತ್ತೋದಾಗ ಅಲ್ಲಿ ಯಾರವ್ರೆ ನಂಗೆ?"

ಅವ್ವ ಭೀಮನಬೀಡಿನಿಂದ ಈ ಮನೆಗೆ ಬಂದಾಗ ಇನ್ನೂ ಹುಡುಗಿ. ಒಬ್ಬಳೇ ಬಸ್ಸು ಹತ್ತುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ಇಳಿಯುವುದಕ್ಕೆ ಅವಳಿಗೆ ಭಯ. ತವರಿಂದ ಹೊರಟರೆ ಇಳಿಯುವ ಕಡೆ ಅಪ್ಪ ಬಂದು ನಿಂತಿರುತ್ತಿದ್ದ. ಬಸ್ಸು ತಡವಾದರೆ ಅಲ್ಲೇ ಎಷ್ಟು ಹೊತ್ತಾದರೂ ಕಾಯುತ್ತಿದ್ದ. ಅವನಿಗೆ ಬಾಯಲ್ಲಿ ಪ್ರೀತಿ ಆಡಿ ಗೊತ್ತಿಲ್ಲ, ಬಂದು ನಿಲ್ಲುವುದು ಗೊತ್ತಿತ್ತು. ಸಾಯುವುದನ್ನೂ ಅವ್ವ ಹಾಗೆಯೇ ತಿಳಿದುಕೊಂಡಿದ್ದಳು. ಹೊರಡುವುದಕ್ಕೆ ಅವಳಿಗೆ ಹೆದರಿಕೆಯಿರಲಿಲ್ಲ, ಇಳಿದ ಕಡೆ ಅವನು ಇರುತ್ತಾನಲ್ಲ ಎಂಬ ಧೈರ್ಯ. ಈಗ ಮಂಜಿ ಅವನನ್ನು ಅಲ್ಲಿಂದ ಎತ್ತಿ ಇಲ್ಲಿಗೆ ತಂದುಬಿಟ್ಟಿದ್ದಳು.

ನಾನು ನೌಕರಿಯವಳು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ದಾರಿ ಹುಡುಕಿದೆ. "ಅವ್ವ, ಕೆಲ್ಸ ಅಲ್ಲೇ ಇದ್ದು, ಇಲ್ಗೊಂದೀಟು ಡೆಪ್ಯುಟೇಷನ್ ಮೇಲೆ ಬಂದಿರ್ಬೋದು. ಆಫೀಸ್ನಲ್ಲಿ ಅಂಗೂ ಮಾಡ್ತರೆ" ಎಂದೆ.

ಅವ್ವ ಮೊರ ಎತ್ತಿಕೊಂಡಳು. "ನಿಮ್ಮಪ್ಪ ಅರ್ದಂಬರ್ದ ಎಲ್ಗೂ ಓದೋನಲ್ಲ. ಓದ್ರೆ ಪೂರ್ತಿ ಓಗೋನು" ಎಂದು ಮತ್ತೆ ಕೇರತೊಡಗಿದಳು.

ಹಬ್ಬದ ದಿನ ಬಂತು. ಬಿಸಿಲು ಇಳಿಯುವ ಹೊತ್ತಿಗೆ ನಡುಮನೆಯಲ್ಲಿ ಮೂರು ಎಲೆ ಹಾಸಿದೆವು, ತಾತನಿಗೆ, ಅಜ್ಜಿಗೆ, ಅಪ್ಪನಿಗೆ. ಅನ್ನ, ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಅಪ್ಪನಿಗೆ ಮೊಟ್ಟೆ ಇಷ್ಟವೆಂದು ಅವನ ಎಲೆಗೆ ಮಾತ್ರ ಬೇಯಿಸಿದ ಮೊಟ್ಟೆ, ಪಕ್ಕಕ್ಕೆ ನಾನು ತಂದ ಬೀಡಿ. ಸಾಂಬ್ರಾಣಿ ಹಾಕಿ, ಕೈಮುಗಿದು, ಎಲ್ಲರೂ ಆಚೆ ಬಂದೆವು. ಚಿಕ್ಕಯ್ಯ ಕದ ಎಳೆದುಕೊಂಡ. ಕೂಸು ಮಂಜಿಯ ಹತ್ತಿರ ಇದೆ ಎಂದು ನಾನು ಅಂದುಕೊಂಡೆ. ಗಂಡನ ಹತ್ತಿರ ಇದೆ ಎಂದು ಮಂಜಿ ಅಂದುಕೊಂಡಳು. ನಾಗರಾಜು ನನ್ನ ಹತ್ತಿರ ಎಂದುಕೊಂಡ. ಅದು ಮಧ್ಯಾಹ್ನವೇ ನಡುಮನೆಯ ಮೂಟೆಗಳ ಹಿಂದೆ ಹೋಗಿ ನಿದ್ದೆ ಹೊಡೆದಿತ್ತು.

ಜಗಲಿಯ ಮೇಲೆ ಮೌನವಾಗಿ ಕೂತಿದ್ದೆವು. ಅವ್ವ ಕದಕ್ಕೆ ಒರಗಿಕೊಂಡೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಟಣ್ ಎಂದು ಚೊಂಬಿನ ಸದ್ದಾಯಿತು.

ಇಷ್ಟು ವರ್ಷದಲ್ಲಿ ಆ ಕದದ ಹಿಂದಿನಿಂದ ಒಂದು ಸದ್ದೂ ಬಂದಿರಲಿಲ್ಲ. ಚಿಕ್ಕಯ್ಯ ತುಟಿಯಲ್ಲೇ 'ಬೆಕ್ಕು' ಎಂದ. ಅಷ್ಟರಲ್ಲಿ ಒಳಗೆ ಯಾರೋ ಸೀನಿದರು. ಬೆಕ್ಕು ಹಾಗೆ ಸೀನುವುದಿಲ್ಲ. ಸತ್ತ ಆನೆಗಳನ್ನು ಕಂಡಿದ್ದ ನಾಗರಾಜು ಜಗಲಿಯ ಕಂಬವನ್ನು ಹಿಡಿದುಕೊಂಡ. ಅವ್ವ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ. ಮಾತಾಡಬಾರದು ಎಂಬುದನ್ನೂ ಮರೆತು, "ಬಂದವ್ನೆ ಕಣಮ್ಮಿ!" ಎಂದಳು.

ಆಗ ಮಂಜಿ ಸುತ್ತ ನೋಡಿ, "ಕೂಸೆಲ್ಲಿ?" ಎಂದಳು.

ಕೆಮ್ಮುವುದು, ತಟ್ಟುವುದು ಯಾವುದೂ ಇಲ್ಲದೆ ಕದ ತಳ್ಳಿದೆವು. ಅಪ್ಪನ ಎಲೆಯ ಮುಂದೆ ಕೂಸು ಚಕ್ಕಂಬಕ್ಕಳ ಹಾಕಿ ಕೂತಿತ್ತು. ಮೊಟ್ಟೆ ಖಾಲಿ. ವಡೆ ಅರ್ಧ. ಚೊಂಬು ಉರುಳಿ ಅನ್ನವೆಲ್ಲ ನೀರು. ಒಂದು ಕೈಯಲ್ಲಿ ಕಜ್ಜಾಯ, ಬಾಯಲ್ಲಿ ಹಚ್ಚದ ಬೀಡಿ. ನನಗೆ ನಗು ಬಂದುಬಿಟ್ಟಿತು. ಮಂಜಿ ಮಾತ್ರ ಕುಸಿದು ಕೂತು ಬೀಡಿಯನ್ನು ಕಿತ್ತುಕೊಂಡು ಕೂಸನ್ನು ಅಪ್ಪಿಕೊಂಡಳು. "ನೋಡವ್ವಾ! ಮೂರೆಲೆ ಅದೊ. ಅಪ್ಪಾಜಿ ತನ್ನೆಲೆ ಮುಂದ್ಲೇ ಬಂದು ಕೂತವ್ರೆ. ಇನ್ನೇನ್ ಬೇಕೇಳು!"

ಮೊಟ್ಟೆ ಇದ್ದದ್ದು ಆ ಎಲೆಯಲ್ಲಿ ಮಾತ್ರ ಎಂದು ನಾನು ಹೇಳಬಹುದಿತ್ತು. ಹೇಳುವಷ್ಟರಲ್ಲಿ ಅವ್ವನ ಕಡೆ ನೋಡಿದೆ. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಮುಖದಲ್ಲಿದ್ದ ಬೆಳಕೆಲ್ಲ ಹೋಗಿತ್ತು. "ಅಂಗಾದ್ರೆ ಅಲ್ಲಿ ಯಾರೂ ಇಲ್ಲ" ಎಂದಳು, ಯಾರಿಗೂ ಅಲ್ಲದೆ. ಮಂಜಿಗೆ ಅವ್ವನ ಭಯ ಗೊತ್ತೇ ಇರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಎರಡು ಮಾತಿನಲ್ಲಿ ಹೇಳಿದೆ. ಅವಳ ಕೈ ಕೂಸಿನ ಬೆನ್ನ ಮೇಲೆ ಹಾಗೆಯೇ ನಿಂತಿತು. ಒಬ್ಬಳಿಗೆ ಅಪ್ಪ ಇಲ್ಲಿ ಬೇಕು, ಇನ್ನೊಬ್ಬಳಿಗೆ ಅಲ್ಲಿ ಬೇಕು. ನಡುವೆ ಕೂಸು ಕಜ್ಜಾಯ ತಿನ್ನುತ್ತಿತ್ತು.

ಅವ್ವ ಎದ್ದಳು. "ಜಯಮ್ಮಿ, ಇನ್ನೊಂದೆಲೆ ತಕ್ಕಂಡ್ ಬಾ. ಇದ್ನೆತ್ತಿ ನಿಮ್ಮಪ್ಪಂಗೆ ಬ್ಯಾರೆ ಬಡ್ಸು" ಎಂದಳು. ಬಡಿಸಿದೆ. ಅವ್ವ ಕೂಸನ್ನು ಎತ್ತಿಕೊಂಡು ಆಚೆ ಹೋಗಿ, ಜಗಲಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. "ಈಗ ಕದ ಎಳ್ಕೊ" ಎಂದಳು ಚಿಕ್ಕಯ್ಯನಿಗೆ. ಅವಳು ಮಾಡುತ್ತಿರುವುದೇನೆಂದು ಆಗ ಹೊಳೆಯಿತು. ಅಪ್ಪನೇ ಈ ಕೂಸಾಗಿದ್ದರೆ ಇಲ್ಲಿ ತೊಡೆಯ ಮೇಲಿರುತ್ತಾನೆ, ಒಳಗೆ ಯಾರೂ ಬರುವುದಿಲ್ಲ. ಬೇರೆಯಾಗಿದ್ದರೆ ಬಂದೇ ಬರುತ್ತಾನೆ.

ಕದ ತೆರೆದರೆ ಏನು ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು ನೋಡಿದ ಕಾಲದಿಂದಲೂ ಗೊತ್ತಿತ್ತು. ಕೂಸಿಗೂ ಏನೋ ಅರ್ಥವಾದಂತೆ ಸುಮ್ಮನೆ ಅಜ್ಜಿಯ ಬಳೆಯನ್ನು ತಿರುಗಿಸುತ್ತಾ ಕೂತಿತ್ತು. ನಾಗರಾಜು ಕಂಬ ಬಿಟ್ಟಿರಲಿಲ್ಲ. ಕೊನೆಗೆ ಚಿಕ್ಕಯ್ಯ ಕೆಮ್ಮಿದ, ಕದ ತಟ್ಟಿದ, ಒಳಕ್ಕೆ ಹೆಜ್ಜೆಯಿಟ್ಟ.

"ನೀ ಬ್ಯಾಡ" ಎಂದಳು ಅವ್ವ. "ನೀ ವಲದಲ್ಲವ್ನೆ ಅನ್ನೋನು. ಮಂಜಿನೂ ಬ್ಯಾಡ. ಜಯಮ್ಮಿ, ನೀ ಓಗಿ ನೋಡು. ಇದ್ದದ್ದ ಇದ್ದಂಗೇಳು."

ಹೋದೆ. ಹೊಗೆ ಕಡಿಮೆಯಾಗಿತ್ತು. ಅನ್ನದ ಗುಪ್ಪೆ ನಾನು ಇಟ್ಟ ಹಾಗೆಯೇ ಇತ್ತು. ಮುದ್ದೆಯ ಮೇಲೆ ನನ್ನ ಬೆರಳಿನ ಗುರುತು ಕೂಡ ಹಾಗೆಯೇ ಇತ್ತು. ವಡೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರೆ ಅವ್ವನಿಗೆ ನೆಮ್ಮದಿ, ನನಗೇನು ಖರ್ಚು? ಕೈ ಅಲ್ಲಿಯ ತನಕ ಹೋಯಿತು ಕೂಡ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಅವಳು ನನ್ನನ್ನೇ ಆರಿಸಿ ಕಳಿಸಿದ್ದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಆಚೆ ಬಂದು ಅವಳ ಮುಂದೆ ನಿಂತೆ.

"ಎಲೆ ಅಂಗೇ ಅದೆ ಕಣವ್ವ."

"ಅನ್ನ?"

"ಅಂಗೇ ಅದೆ."

"ಕಜ್ಜಾಯ?"

"ಅದೂ ಅಂಗೇ ಅದೆ. ಏನೂ ಕದ್ಲಿಲ್ಲ."

ಅವ್ವ ಉಸಿರು ಬಿಟ್ಟಳು. ಕೂಸನ್ನು ಹಿಡಿದಿದ್ದ ಕೈ ಸಡಿಲವಾಯಿತು. "ಅಂಗಾದ್ರೆ ಬಂದು ಉಂಡೋಗವ್ನೆ" ಎಂದಳು.

ನಾವೆಲ್ಲ ಅವಳನ್ನೇ ನೋಡಿದೆವು. "ಯಾಕಂಗ್ ನೋಡೀರಿ? ಪ್ರತಿ ವರ್ಸ ಅವ್ನು ಉಣ್ಣದು ಇಂಗ್ ತಾನೇ? ಕೂಸು ಉಂಡ್ರೆ ಎಲೆಲ್ಲಾ ಚೆಲ್ಲಾಪಿಲ್ಲಿ. ಸತ್ತೋರು ಉಂಡ್ರೆ ಏನೂ ಕಮ್ಮಿ ಆಗಕಿಲ್ಲ" ಎಂದು ಅವ್ವ ತೀರ್ಪು ಕೊಟ್ಟಳು. ಆಮೇಲೆ ತೊಡೆಯ ಮೇಲಿದ್ದ ಕೂಸಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಬಾಯಿಯ ಸುತ್ತ ಹತ್ತಿದ್ದ ಬೆಲ್ಲವನ್ನು ಸೆರಗಿನಿಂದ ಒರೆಸಿ, ಎರಡೂ ಕೆನ್ನೆಗೆ ಮುತ್ತಿಟ್ಟಳು. ಆ ಕೂಸಿಗೆ ಅವಳು ಹಾಗೆ ಮುತ್ತಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಮಂಜಿ ಕದದ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳ ಅಪ್ಪ ಈಗ ತಾನೇ ಎರಡನೇ ಸಲ ಹೋಗಿದ್ದ. ಎಡೆ ತೆಗೆದ ಮೇಲೆ ಆ ಎಲೆಗಳ ಊಟವನ್ನು ಮನೆಯವರೇ ಉಣ್ಣಬೇಕು. ಅಪ್ಪನ ಎಲೆ ಹಿರಿಯ ಮಗುವಿಗೆ, ಅಂದರೆ ನನಗೆ. ನಾನು ಕೂರಲು ಹೋದಾಗ ಅವ್ವ ತಡೆದಳು.

"ಈ ವರ್ಸ ಮಂಜಿ ಉಣ್ಲಿ. ಬಾಮ್ಮಿ ಮಂಜಿ, ಕೂತ್ಕೊ. ಅವತ್ತು ಮಂಜಿ ಬಂದ್ಲಾ, ಮಂಜಿ ಬಂದ್ಲಾ ಅಂತ ದಾರಿ ಕಾದ. ಇವತ್ ನೀ ಬಂದಿದ್ದಿಯೆ, ಅವ್ನೂ ಬಂದವ್ನೆ. ಅವ್ನೆಲೇಲಿ ಉಣ್ಣು."

ಮಂಜಿ ಬಂದು ಕೂತಳು. ಮೊದಲ ತುತ್ತಿಗೇ ಅಳು ಒತ್ತರಿಸಿ ಬಂತು. ಅಳುತ್ತಲೇ ಉಂಡಳು, ಎಲೆಯಲ್ಲಿ ಒಂದು ತುತ್ತು ಉಳಿಯುವ ತನಕ ಉಂಡಳು. ಕೂಸು ಅಜ್ಜಿಯ ತೊಡೆಯಿಂದ ಇಳಿದು ಬಂದು ಅವಳ ಮುಂದೆ ಬಾಯಿ ತೆರೆದು ನಿಂತಿತು. ಮಂಜಿ ಕಣ್ಣೊರೆಸಿಕೊಂಡು, ಕೊನೆಯ ತುತ್ತನ್ನು ಅದರ ಬಾಯಿಗೆ ಇಟ್ಟು, "ತಗ ಮಗಳೆ, ನಿಮ್ ತಾತನ ಎಲೆದು" ಎಂದಳು.